ಕಾಕಟೀಲ್ ಅಪ್ಪ ಹಕ್ಕಿ ಮರಿಗಳ ಗರಿ ಕೀಳುತ್ತಿದೆ, ಕೊನೆಯ ಮರಿಗೆ ಗುಟುಕು ಸಿಗುತ್ತಿಲ್ಲ. ಏನು ಮಾಡಲಿ?

ಕೌಲ್‌ಬಜಾರ್ ಹಕ್ಕಿಮನೆ, ಬಳ್ಳಾರಿ | ಸೆಪ್ಟೆಂಬರ್ 20, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮನಸ್ಸಿಗೆ ಸಮಾಧಾನ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆಯಲ್ಲಿ ಒಂದು ಕಾಕಟೀಲ್ (ಜುಟ್ಟಿರುವ ಸಣ್ಣ ಗಿಣಿ) ಜೋಡಿ ಇದೆ. ಗಂಡು ಬೂದು, ಹೆಣ್ಣು ಲುಟಿನೋ (ಬಿಳಿ-ಹಳದಿ ಬಣ್ಣದ್ದು). ಎರಡಕ್ಕೂ ಎರಡು ವರ್ಷ ದಾಟಿದೆ. ಈ ಸಲ ಐದು ಮೊಟ್ಟೆ ಇಟ್ಟಿತು. ನಾಲ್ಕನೆಯದು ಕೆಟ್ಟುಹೋಯಿತು, ಉಳಿದ ನಾಲ್ಕೂ ಮರಿಯಾದವು. ದೊಡ್ಡ ಎರಡಕ್ಕೆ ಇವತ್ತಿಗೆ 20 ದಿನ, ಮೂರನೆಯದಕ್ಕೆ 18, ಕೊನೆಯದಕ್ಕೆ 14.

ನಾಲ್ಕು ದಿನದಿಂದ ದೊಡ್ಡ ಮರಿಗಳ ಜುಟ್ಟಿನ ಹಿಂಭಾಗ, ಬೆನ್ನು ಬೋಳಾಗುತ್ತಾ ಬಂದಿದೆ. ಮೊದಲು ಹೇನು ಇರಬೇಕು ಅಂದುಕೊಂಡೆ. ಇವತ್ತು ಮಧ್ಯಾಹ್ನ ಗೂಡಿನ ಬಾಕ್ಸಿನ ಮುಚ್ಚಳ ಸ್ವಲ್ಪವೇ ಸರಿಸಿ ನೋಡಿದೆ. ಅಪ್ಪ ಹಕ್ಕಿ ಮರಿಯನ್ನು ಮೂಲೆಗೆ ಒತ್ತಿ, ಇನ್ನೂ ಬಿಚ್ಚದ ಹಸಿ ಗರಿಯನ್ನು ಕೊಕ್ಕಿನಲ್ಲಿ ಹಿಡಿದು ಎಳೆಯುತ್ತಿತ್ತು. ಗರಿಯ ಬುಡದಲ್ಲಿ ರಕ್ತ. ಮರಿ ಚೀರಿದರೂ ಬಿಡಲಿಲ್ಲ. ಹತ್ತು ನಿಮಿಷ ಬಿಟ್ಟು ಅದೇ ಅಪ್ಪ ಅದೇ ಮರಿಗೆ ಗುಟುಕು ಕೊಟ್ಟಿತು. ಇದು ನನಗೆ ಅರ್ಥವೇ ಆಗುತ್ತಿಲ್ಲ.

ಇನ್ನೊಂದು ಚಿಂತೆ ಕೊನೆಯ ಮರಿಯದು. ಸ್ಟೀಲ್ ಬಟ್ಟಲಲ್ಲಿ ಬಟ್ಟೆ ಹಾಸಿ ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ. ದೊಡ್ಡವು 72 ಮತ್ತು 70 ಗ್ರಾಂ, ಮೂರನೆಯದು 66. ಇದು ಬರೀ 27. ಬೆಳಿಗ್ಗೆ ಆರಕ್ಕೂ ಅದರ ಕತ್ತಿನ ಬುಡದ ಕಾಳಿನ ಚೀಲ (ನುಂಗಿದ್ದು ಮೊದಲು ನಿಲ್ಲುವ ಜಾಗ) ಖಾಲಿ, ಸಂಜೆ ಆರಕ್ಕೂ ಖಾಲಿ.

ಮನೆಯವರು "ಆ ಗಂಡು ಸರಿ ಇಲ್ಲ, ಮಾರಿಬಿಡು" ಅನ್ನುತ್ತಾರೆ. ನನಗೆ ಮನಸ್ಸು ಬರುತ್ತಿಲ್ಲ. ಜುಲೈನಲ್ಲಿ ಇದೇ ಗಂಡು ಮೂರು ಮರಿಗಳನ್ನು ಎಷ್ಟು ಚೆನ್ನಾಗಿ ಸಾಕಿತ್ತು!

ರಾಯಚೂರು ಬೂದುಜುಟ್ಟು | ಸೆಪ್ಟೆಂಬರ್ 20, ರಾತ್ರಿ 10:05

ತಂಗೀ, ಗಂಡನ್ನು ಮಾರಬೇಡಿ. ಅದರ ವಿಷಯ ನಾಳೆ ಮಾತಾಡೋಣ. ಇವತ್ತು ರಾತ್ರಿ ಚಿಕ್ಕದನ್ನು ಉಳಿಸಿಕೊಳ್ಳಬೇಕು.

ಮೊದಲು ಆ ಮರಿಯನ್ನು ಅಂಗೈಯಲ್ಲಿ ಹಿಡಿದು ನೋಡಿ. ಮೈ ತಣ್ಣಗಿದ್ದರೆ ಏನನ್ನೂ ತಿನ್ನಿಸಬೇಡಿ. ತಣ್ಣಗಿರುವ ಮರಿಗೆ ಆಹಾರ ಕೊಟ್ಟರೆ ಅದು ಚೀಲದಲ್ಲೇ ನಿಂತು ಹುಳಿಯುತ್ತದೆ. ಅಂಗೈ ಮುಚ್ಚಿ ಎದೆಗೆ ಹಿಡಿದುಕೊಂಡು ಮೊದಲು ಬೆಚ್ಚಗೆ ಮಾಡಿ.

ಆಮೇಲೆ ದೊಡ್ಡ ಮೂರನ್ನೂ ಬಾಕ್ಸಿನಿಂದ ತೆಗೆದು ಬಟ್ಟೆ ಹಾಸಿದ ಬುಟ್ಟಿಯಲ್ಲಿಡಿ. ಅಪ್ಪನನ್ನೂ ಬೇರೆ ಪಂಜರಕ್ಕೆ ಹಾಕಿ. ಚಿಕ್ಕದು ಮತ್ತು ತಾಯಿ ಮಾತ್ರ ಒಳಗೆ. ಕೋಣೆಯ ಲೈಟು ಅರ್ಧ ಗಂಟೆ ಉರಿಯಲಿ. ನಾಲ್ಕು ಬಾಯಿ ಒಟ್ಟಿಗೆ ಕೂಗುವಾಗ ಎತ್ತರಕ್ಕೆ ಕತ್ತು ಚಾಚುವವರಿಗೇ ಗುಟುಕು ಸಿಗುವುದು. ಒಂದೇ ಬಾಯಿ ಇದ್ದರೆ ತಾಯಿ ಕೊಡುತ್ತದೆ, ನಾನು ಎಷ್ಟೋ ಸಲ ನೋಡಿದ್ದೇನೆ.

ಕೆಲವು ಪ್ರಶ್ನೆ. ಈ ವರ್ಷ ಇದು ಎಷ್ಟನೇ ಬ್ಯಾಚ್? ಏನು ತಿನ್ನಲು ಕೊಡುತ್ತೀರಿ? ದಿನಕ್ಕೆ ಎಷ್ಟು ಸಲ ಬಾಕ್ಸ್ ತೆರೆಯುತ್ತೀರಿ? ಬಾಕ್ಸ್ ಎಲ್ಲಿದೆ? ಮುಚ್ಚುಮರೆ ಇಲ್ಲದೆ ಹೇಳಿ, ಯಾರೂ ಬೈಯುವುದಿಲ್ಲ.

ಕೌಲ್‌ಬಜಾರ್ ಹಕ್ಕಿಮನೆ | ಸೆಪ್ಟೆಂಬರ್ 21, ಬೆಳಿಗ್ಗೆ 6:50

ಕಾಕಾ, ಕೊಟ್ಟಿತು! ರಾತ್ರಿ ಇಪ್ಪತ್ತು ನಿಮಿಷ ತಾಯಿ ಸುಮ್ನೆ ಕೂತಿತ್ತು. ಆಮೇಲೆ ಮರಿಯ ಕೊಕ್ಕು ಹಿಡಿದು ತಲೆ ಆಡಿಸಿ ಆಡಿಸಿ ಕೊಟ್ಟಿತು. ಬೆಳಿಗ್ಗೆ ತೂಕ 28.

ನಿಮ್ಮ ಪ್ರಶ್ನೆಗೆ ಉತ್ತರ. ಇದು ಮೂರನೇ ಬ್ಯಾಚ್. ಏಪ್ರಿಲ್‌ನಲ್ಲಿ ಮೊದಲನೆಯದು, ಆಗ ಎಲ್ಲ ಮರಿಗಳೂ ಮೊಟ್ಟೆಯೊಳಗೇ ಸತ್ತವು. ಜುಲೈನಲ್ಲಿ ಎರಡನೆಯದು. ಬಾಕ್ಸನ್ನು ತೆಗೆಯಲೇ ಇಲ್ಲ, ಅವು ತಾವಾಗಿಯೇ ಮತ್ತೆ ಇಟ್ಟವು. ತಿನ್ನಲು ನವಣೆ, ಸೂರ್ಯಕಾಂತಿ ಬೀಜ, ಆಗಾಗ ಕೊತ್ತಂಬರಿ. ಸುಣ್ಣದ ಅಂಶಕ್ಕೆ (ಕ್ಯಾಲ್ಸಿಯಂ) ಕೊಡುವ ಕಟಲ್ ಬೋನ್ ಮುಗಿದು ತಿಂಗಳಾಯಿತು. ಬಾಕ್ಸ್ ದಿನಕ್ಕೆ ಆರೇಳು ಸಲ ತೆರೆಯುತ್ತೇನೆ, ಮಕ್ಕಳಿಗೂ ತೋರಿಸುತ್ತೇನೆ.

ಇನ್ನೊಂದು ವಿಷಯ ಈಗ ಹೊಳೆಯಿತು. ಮಹಡಿಯಲ್ಲಿ ನಮ್ಮದು ಜೀನ್ಸ್ ಹೊಲಿಯುವ ಕೆಲಸ. ನಾಲ್ಕು ಮಷೀನು, ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರ ತನಕ. ಆಗಸ್ಟ್‌ನಲ್ಲಿ ಎರಡು ಮಷೀನು ಹೊಸದಾಗಿ ತಂದೆವು. ಬಾಕ್ಸ್ ನೇತುಹಾಕಿದ ಗೋಡೆಯ ಮೇಲೆಯೇ ಅವು ಇರುವುದು. ಈಗ ಗೋಡೆಗೆ ಕೈಯಿಟ್ಟು ನೋಡಿದೆ. ದಡದಡ ಅನ್ನುತ್ತದೆ.

ರಾಯಚೂರು ಬೂದುಜುಟ್ಟು | ಸೆಪ್ಟೆಂಬರ್ 21, ಬೆಳಿಗ್ಗೆ 8:30

ಎಲ್ಲವನ್ನೂ ನೀವೇ ಹೇಳಿಬಿಟ್ಟಿರಿ. ಹದಿನೈದು ವರ್ಷದಿಂದ ಈ ಹಕ್ಕಿಗಳ ಜೊತೆ ಇದ್ದೇನೆ. ಅಪ್ಪ-ಅಮ್ಮ ಎಡವಿದ ಕಡೆಯೆಲ್ಲ ಮೊದಲು ನಮ್ಮ ಕೈ ಎಲ್ಲಿ ಎಡವಿದೆ ಅಂತ ಹುಡುಕಬೇಕು. ಹತ್ತಕ್ಕೆ ಒಂಬತ್ತು ಸಲ ಅಲ್ಲೇ ಸಿಗುತ್ತದೆ.

ಗಂಡು ಗರಿ ಕೀಳುವುದು ಯಾಕೆ? ಮರಿಗಳಿಗೆ ಎರಡು ಮೂರು ವಾರ ಆಗುವ ಹೊತ್ತಿಗೆ ಅಪ್ಪ-ಅಮ್ಮನ ಮೈ ಮುಂದಿನ ಮೊಟ್ಟೆಗೆ ತಯಾರಾಗುತ್ತಿರುತ್ತದೆ. ಬಾಕ್ಸ್ ಇನ್ನೂ ತುಂಬಿದೆ. ಆಗ ಅದು ಮರಿಗಳನ್ನು ಹೊರಗೆ ಕಳಿಸಲು ನೋಡುತ್ತದೆ, ಗರಿ ಕೀಳುತ್ತದೆ. ಗುಟುಕು ಕೊಡುವುದನ್ನೂ ಬಿಡುವುದಿಲ್ಲ. ಅದಕ್ಕೇ ನಿಮಗೆ ಎರಡೂ ಒಟ್ಟಿಗೆ ಕಂಡಿದ್ದು. ಲುಟಿನೋ ಸಾಲಿನ ಹಕ್ಕಿಗಳಲ್ಲಿ ಈ ಚಾಳಿ ಜಾಸ್ತಿ ಅಂತ ಸಾಕುವವರು ಹೇಳುತ್ತಾರೆ, ಆದರೆ ನಾನು ಬೂದು ಜೋಡಿಯಲ್ಲೂ ನೋಡಿದ್ದೇನೆ.

ಈ ಹಕ್ಕಿ ಎಲ್ಲಿಯದು ಅಂತ ನೆನಪಿಟ್ಟುಕೊಂಡರೆ ಅರ್ಧ ಪ್ರಶ್ನೆಗೆ ಉತ್ತರ ಸಿಗುತ್ತದೆ. ಕಾಕಟೀಲ್ ಮತ್ತು ಬಡ್ಗಿ (ಬಜರಿಗರ್ ಎಂಬ ಪುಟ್ಟ ಗಿಣಿ) ಎರಡೂ ಆಸ್ಟ್ರೇಲಿಯಾದ ಒಣನಾಡಿನವು. ಅಲ್ಲಿ ಮಳೆ ಯಾವಾಗ ಬೀಳುತ್ತದೋ ಹೇಳಲಾಗದು. ಮಳೆ ಬಿದ್ದು ಹುಲ್ಲು ತೆನೆಗಟ್ಟಿದಾಗ ಬೇಗ ಬೇಗ ಮರಿ ಮಾಡಿ, ಕಾಳು ಮುಗಿದಾಗ ನಿಲ್ಲಿಸುತ್ತವೆ. ನಮ್ಮ ಮನೆಯಲ್ಲಿ ಕಾಳು ಮುಗಿಯುವುದೇ ಇಲ್ಲ, ಬಾಕ್ಸ್ ಹೋಗುವುದೇ ಇಲ್ಲ. ಅವಕ್ಕೆ ನಿಲ್ಲಿಸಲು ಹೇಳುವವರು ಯಾರು? ನಾವೇ ಹೇಳಬೇಕು. ವರ್ಷಕ್ಕೆ ಎರಡು ಬ್ಯಾಚ್ ಸಾಕು. ಆಮೇಲೆ ಬಾಕ್ಸ್ ತೆಗೆದು, ಗಂಡು ಹೆಣ್ಣು ಬೇರೆ ಮಾಡಿ, ಐದಾರು ತಿಂಗಳು ಬಿಡುವು.

ಏಪ್ರಿಲ್ ಮೊಟ್ಟೆ ಸತ್ತಿದ್ದು ನನಗೆ ಆಶ್ಚರ್ಯ ಅಲ್ಲ. ನಮ್ಮ ರಾಯಚೂರು, ನಿಮ್ಮ ಬಳ್ಳಾರಿಯ ಬೇಸಿಗೆ ಗೊತ್ತೇ ಇದೆಯಲ್ಲ, 40 ಡಿಗ್ರಿ ದಾಟುತ್ತದೆ. ಒಣನಾಡಿನ ದೊಡ್ಡ ಹಕ್ಕಿ ಆ ಸೆಕೆ ತಡೆದುಕೊಳ್ಳಬಹುದು, ಮೊಟ್ಟೆ ತಡೆಯುವುದಿಲ್ಲ. ಒಣಗಾಳಿಗೆ ಮೊಟ್ಟೆಯ ಒಳಪೊರೆ ಗಟ್ಟಿಯಾಗಿ ಮರಿ ಒಳಗೇ ಸಿಕ್ಕಿಕೊಳ್ಳುತ್ತದೆ. ಮಾರ್ಚ್‌ನಿಂದ ಮೇ ತನಕ ನಾನು ಒಂದು ಬಾಕ್ಸನ್ನೂ ನೇತುಹಾಕುವುದಿಲ್ಲ. ಮಳೆ ಶುರುವಾದ ಮೇಲೆ, ಆಗಸ್ಟ್‌ನಿಂದ ಜನವರಿಯೊಳಗೆ ನಮ್ಮ ಕಡೆ ಸರಿಯಾದ ಕಾಲ.

ಕೊನೆಯ ಮರಿ ಸೊರಗುವುದಕ್ಕೂ ಕಾರಣ ಇದೆ. ಒಂದು ದಿನ ಬಿಟ್ಟು ಒಂದು ದಿನ ಮೊಟ್ಟೆ, ಆದರೆ ಎರಡು ಮೂರು ಮೊಟ್ಟೆ ಆಗುತ್ತಲೇ ಕಾವು ಶುರು. ಹಾಗಾಗಿ ಮೊದಲನೆಯದಕ್ಕೂ ಕೊನೆಯದಕ್ಕೂ ಒಂದು ವಾರದಷ್ಟು ಅಂತರ ಬೀಳುತ್ತದೆ. ಮುಂದಿನ ಸಲ ಮೊಟ್ಟೆಯ ಮೇಲೆ ಮೆತ್ತನೆ ಪೆನ್ಸಿಲ್‌ನಿಂದ ನಂಬರ್ ಬರೆಯಿರಿ. ಐದನೇ ದಿನ ದಾಟಿದ ಮೇಲೆ ಕತ್ತಲಲ್ಲಿ ಸಣ್ಣ ಟಾರ್ಚ್ ಹಿಡಿದು ನೋಡಿ, ಜೀವ ಇದ್ದರೆ ಕೆಂಪು ನರ ಜೇಡರ ಬಲೆಯಂತೆ ಕಾಣುತ್ತದೆ.

ಈಗ ಮಾಡುವ ಕೆಲಸ. ಗಂಡನ್ನು ಪಕ್ಕದ ಪಂಜರಕ್ಕೆ ಹಾಕಿ, ತಂತಿಗೆ ತಂತಿ ತಾಗುವಂತೆ. ಹೆಣ್ಣು ಒಂದೇ ನೋಡಿಕೊಳ್ಳುತ್ತದೆ. ದೊಡ್ಡವುಗಳ ಮೈಗೆ ಗರಿ ಬಂದಿದೆ, ಚಿಕ್ಕದಕ್ಕೆ ಅವುಗಳ ಬಿಸಿಯೇ ಸಾಕು. ಎರಡನೇ ಬಾಕ್ಸ್ ನೇತುಹಾಕಿ ಗಂಡಿನ ಗಮನ ಆ ಕಡೆ ತಿರುಗಿಸಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಅದು ನಾಲ್ಕನೇ ಬ್ಯಾಚಿಗೆ ದಾರಿ, ಹೆಣ್ಣಿನ ಮೈಯಲ್ಲಿ ಸುಣ್ಣ ಇಲ್ಲದೆ ಮೊಟ್ಟೆ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು.

ಬಾಕ್ಸನ್ನು ಆ ಗೋಡೆಯಿಂದ ತೆಗೆಯಿರಿ, ಆದರೆ ಕೋಣೆ ಬದಲಾಯಿಸಬೇಡಿ. ಒಂದು ಸ್ಟ್ಯಾಂಡ್ ಮೇಲೆ, ಈಗಿರುವ ಎತ್ತರದಲ್ಲೇ ಇಡಿ. ತೆರೆಯುವುದು ದಿನಕ್ಕೆ ಎರಡೇ ಸಲ, ಅದೂ ತಾಯಿ ಹೊರಗೆ ಬಂದಾಗ.

ಗಂಗಾವತಿ ಹಸಿರು ಬಡ್ಗಿ | ಸೆಪ್ಟೆಂಬರ್ 21, ಮಧ್ಯಾಹ್ನ 1:10

ಅಕ್ಕಾ, ನಿಮ್ಮ ಪ್ರಶ್ನೆಯ ನಡುವೆ ನನ್ನದೊಂದು. ನನ್ನ ಹತ್ತಿರ ಐದು ಜೋಡಿ ಬಡ್ಗಿ, ಒಂದೇ ದೊಡ್ಡ ಪಂಜರ, ಗೂಡಿಗೆ ಐದು ಮಡಕೆ. ಒಂದು ಹೆಣ್ಣು ಮೊಟ್ಟೆ ಒಡೆದು ತಿನ್ನುತ್ತದೆ. ಹೋದ ವಾರ ಇನ್ನೊಂದು ಮಡಕೆಯಲ್ಲಿ ಮೂರು ದಿನದ ಎರಡು ಮರಿ ಸತ್ತು ಬಿದ್ದಿದ್ದವು, ತಲೆಯ ಮೇಲೆ ಗಾಯ. ಅಪ್ಪನೇ ಕೊಂದಿತಾ?

ಕೊಪ್ಪಳ ಪೀಚ್‌ಫೇಸ್ | ಸೆಪ್ಟೆಂಬರ್ 21, ಮಧ್ಯಾಹ್ನ 2:25

ತಮ್ಮಾ, ಅಪ್ಪ ಅಲ್ಲ, ಬೇರೆ ಹೆಣ್ಣು ಇರಬೇಕು. ಬಡ್ಗಿಯಲ್ಲಿ ಮಡಕೆಗೆ ಜಗಳ ಆಡುವುದು ಹೆಣ್ಣುಗಳೇ. ಮಡಕೆ ಸಿಗದ ಹೆಣ್ಣು ಇನ್ನೊಬ್ಬರ ಮಡಕೆಗೆ ನುಗ್ಗಿ ಮರಿ ಕೊಲ್ಲುತ್ತದೆ. ಐದು ಜೋಡಿಗೆ ಐದೇ ಮಡಕೆ ಅಂದರೆ ಕಡಿಮೆ. ಹತ್ತು ಕಟ್ಟು, ಎಲ್ಲವನ್ನೂ ಒಂದೇ ಎತ್ತರಕ್ಕೆ. ಮೇಲೆ ಕೆಳಗೆ ಕಟ್ಟಿದರೆ ಮೇಲಿನದಕ್ಕೇ ಎಲ್ಲವೂ ಬಡಿದಾಡುತ್ತವೆ. ಸಾಧ್ಯವಾದರೆ ಜೋಡಿಗೊಂದು ಪಂಜರ ಮಾಡು, ಅದಕ್ಕಿಂತ ನೆಮ್ಮದಿ ಬೇರೆ ಇಲ್ಲ. ಜೋಡಿ ಇಲ್ಲದ ಒಂಟಿ ಹೆಣ್ಣು ಇದ್ದರೆ ಇವತ್ತೇ ತೆಗೆ.

ಮೊಟ್ಟೆ ತಿನ್ನುವುದು ಹೆಚ್ಚಾಗಿ ಸುಣ್ಣದ ಕೊರತೆ. ತೊಗಟೆ ತೆಳುವಾಗಿ ಉಗುರು ತಾಗಿ ಒಡೆಯುತ್ತದೆ, ರುಚಿ ನೋಡುತ್ತದೆ, ಆಮೇಲೆ ಅಭ್ಯಾಸ ಆಗುತ್ತದೆ. ಕಟಲ್ ಬೋನ್ ಕಟ್ಟು, ನಮ್ಮ ಕಡೆ ಸಮುದ್ರದ ನೊರೆ ಅಂತಾರಲ್ಲ, ಅದೇ. ಕೋಳಿಮೊಟ್ಟೆ ಚೆನ್ನಾಗಿ ಬೇಯಿಸಿ ತೊಗಟೆ ಸಮೇತ ಪುಡಿ ಮಾಡಿ ಕೊಡು. ನುಗ್ಗೆಸೊಪ್ಪು ಕೊಡು. ಪಾಲಕ್ ಜಾಸ್ತಿ ಬೇಡ, ಅದು ಸುಣ್ಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ದಿನಾ ಸ್ವಲ್ಪ ಎಳೆಬಿಸಿಲು ಬೀಳಲಿ. ಬಿಸಿಲಿಲ್ಲದಿದ್ದರೆ ಎಷ್ಟು ಸುಣ್ಣ ಕೊಟ್ಟರೂ ಮೈಗೆ ಹತ್ತುವುದಿಲ್ಲ. ಮಡಕೆಯಲ್ಲಿ ಎರಡು ಪ್ಲಾಸ್ಟಿಕ್ ಮೊಟ್ಟೆ ಇಡು, ಕುಕ್ಕಿ ಕುಕ್ಕಿ ಬೇಸತ್ತು ಕೆಲವು ಬಿಡುತ್ತವೆ. ಒಂದು ವರ್ಷ ತುಂಬದ ಹೆಣ್ಣಾದರೆ ಮಡಕೆ ತೆಗೆದು ಬೆಳೆಯಲು ಬಿಡು.

ಅಕ್ಕಾ, ನಿಮಗೂ ಒಂದು ಮಾತು. ಅಷ್ಟೆಲ್ಲ ಕಷ್ಟ ಯಾಕೆ? ನಾಲ್ಕೂ ಮರಿ ತೆಗೆದು ಸಿರಿಂಜಿನಲ್ಲಿ ಸಾಕಿ. ಕೈಗೆ ಪಳಗುತ್ತವೆ, ಒಳ್ಳೆಯ ಬೆಲೆಯೂ ಬರುತ್ತದೆ.

ಸಿಂಧನೂರು ಗೂಡು | ಸೆಪ್ಟೆಂಬರ್ 21, ಸಂಜೆ 7:00

ಪೀಚ್‌ಫೇಸ್ ಅಣ್ಣನ ಕೊನೆಯ ಮಾತಿಗೆ ನಾನು ಒಪ್ಪುವುದಿಲ್ಲ. ನನಗೆ ಆದದ್ದನ್ನು ಹೇಳುತ್ತೇನೆ.

ಎರಡು ವರ್ಷದ ಹಿಂದೆ ಒಬ್ಬ ಮಾರಾಟಗಾರ ಮೂರು ವಾರದ ಕಾಕಟೀಲ್ ಮರಿ ಕೊಟ್ಟರು. "ಸಿರಿಂಜಿನಲ್ಲಿ ಕೊಡಿ, ಸುಲಭ" ಅಂದರು. ಎಷ್ಟು ಬಿಸಿ ಇರಬೇಕು ಅಂತ ಒಂದು ಮಾತು ಹೇಳಲಿಲ್ಲ. ನಾನು ಕೈಯ ಹಿಂಭಾಗಕ್ಕೆ ಹಚ್ಚಿ ನೋಡಿ ಕೊಡುತ್ತಿದ್ದೆ. ಐದನೇ ದಿನ ಮರಿಯ ಎದೆ ಒದ್ದೆಯಾಗಿತ್ತು. ಒರೆಸಿದರೆ ಮತ್ತೆ ಒದ್ದೆ. ದೀಪದ ಕೆಳಗೆ ಹಿಡಿದು ನೋಡಿದೆ. ಕಾಳಿನ ಚೀಲ ಸುಟ್ಟು ತೂತಾಗಿತ್ತು, ನಾನು ಕೊಟ್ಟದ್ದೆಲ್ಲ ಅಲ್ಲಿಂದ ಹೊರಗೆ ಸೋರುತ್ತಿತ್ತು. ಹಕ್ಕಿ ನೋಡುವ ಡಾಕ್ಟರ್ ನಮ್ಮ ಊರಲ್ಲಿ ಸಿಗಲಿಲ್ಲ. ಬೀದರ್‌ನ ಪಶುವೈದ್ಯಕೀಯ ಕಾಲೇಜಿಗೆ ಹೋಗೋಣ ಅಂತ ಹೊರಡುವಷ್ಟರಲ್ಲಿ ಮುಗಿದಿತ್ತು. ಆ ಒದ್ದೆ ಎದೆ ಇವತ್ತಿಗೂ ಕಣ್ಣ ಮುಂದಿದೆ.

ಅದಕ್ಕೇ ಹೇಳುತ್ತೇನೆ, ಥರ್ಮಾಮೀಟರ್ ಇಲ್ಲದೆ ಸಿರಿಂಜ್ ಹಿಡಿಯಬೇಡಿ. 39ರಿಂದ 41 ಡಿಗ್ರಿ ಸೆಲ್ಸಿಯಸ್. 43 ದಾಟಿದರೆ ಚೀಲ ಸುಡುತ್ತದೆ, ಅದು ತಕ್ಷಣ ಗೊತ್ತಾಗುವುದೂ ಇಲ್ಲ. ತಣ್ಣಗಾದರೆ ಚೀಲ ಕೆಲಸ ನಿಲ್ಲಿಸುತ್ತದೆ. ಚೆನ್ನಾಗಿ ಕಲಕಿ, ಬಟ್ಟಲಿನ ನಡುವೆ ಬಿಸಿ ಗಂಟು ಉಳಿದಿರುತ್ತದೆ. ಮರಿಯ ಎಡಗಡೆಯಿಂದ ಬಲಗಡೆಗೆ ಸಿರಿಂಜ್ ಇರಲಿ. ಮರಿ ತಲೆ ಕುಣಿಸಿ ಬೇಡುವಾಗ ಮಾತ್ರ ಒತ್ತಿ, ಸುಮ್ಮನಿರುವಾಗ ಒತ್ತಿದರೆ ಶ್ವಾಸಕ್ಕೆ ಹೋಗುತ್ತದೆ. ಹಕ್ಕಿ ಮರಿಗೆ ಅಂತಲೇ ಬರುವ ಹ್ಯಾಂಡ್ ಫೀಡಿಂಗ್ ಪುಡಿಯೇ ಬೇಕು. ಕೂಸುಗಳಿಗೆ ತಿನ್ನಿಸುವ ಹಾಲಿನ ಪುಡಿ ಬೆರೆತದ್ದು ಬೇಡ, ಹಾಲು ಹಕ್ಕಿಗೆ ಜೀರ್ಣ ಆಗುವುದಿಲ್ಲ.

ಅಕ್ಕ ಚಿಕ್ಕದಕ್ಕೆ ಮಾತ್ರ ಪೂರಕವಾಗಿ ಕೊಡಲಿ. ಒಂದು ಸಲಕ್ಕೆ ತೂಕದ ಹತ್ತನೇ ಒಂದು ಭಾಗ, ಅಂದರೆ ಈಗ ಎರಡೂವರೆ ಮೂರು ಎಂಎಲ್. ದಿನಕ್ಕೆ ಮೂರು ಸಲ ಕೊಟ್ಟು ಮತ್ತೆ ತಾಯಿಯ ಹತ್ತಿರವೇ ಬಿಡಲಿ.

ರಾಯಚೂರು ಬೂದುಜುಟ್ಟು | ಸೆಪ್ಟೆಂಬರ್ 21, ರಾತ್ರಿ 8:45

ಸಿಂಧನೂರಿನವರ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ಅಮೆರಿಕದ ಡೇವಿಸ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇದೇ ಕಾಕಟೀಲ್ ಮೇಲೆ ಮಾಡಿದ ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಮನುಷ್ಯರು ಸಾಕಿದ ಮರಿ ಮತ್ತು ಅಪ್ಪ-ಅಮ್ಮ ಸಾಕಿದ ಮರಿ ದೊಡ್ಡದಾದ ಮೇಲೆ ಹೇಗೆ ಗೂಡು ಮಾಡುತ್ತವೆ ಅಂತ ನೋಡಿದರು. ಕೈಯಲ್ಲಿ ಬೆಳೆದ ಗಂಡುಗಳು ಬಾಕ್ಸಿನೊಳಗೆ ಇಣುಕುವುದೇ ಕಡಿಮೆ. ಕೈಯಲ್ಲಿ ಬೆಳೆದ ಹೆಣ್ಣುಗಳು ಬಾಕ್ಸ್ ಬಿಟ್ಟು ಪಂಜರದ ನೆಲದಲ್ಲಿ ಮೊಟ್ಟೆ ಇಡುವುದು ಜಾಸ್ತಿ. ಇವತ್ತು ಸುಲಭ ಅಂತ ನಾಲ್ಕೂ ಮರಿ ಕಿತ್ತುಕೊಂಡರೆ, ಎರಡು ವರ್ಷದ ಮೇಲೆ ಅವುಗಳನ್ನು ಕೊಂಡವರು ಇಲ್ಲಿಗೇ ಬಂದು "ನನ್ನ ಹಕ್ಕಿ ಕಾವಿಗೆ ಕೂರುತ್ತಿಲ್ಲ" ಅಂತ ಬರೆಯುತ್ತಾರೆ.

ಪಳಗಿಸಬೇಕು ಅಂದರೆ ಮರಿಯನ್ನು ದಿನಾ ಹದಿನೈದು ನಿಮಿಷ ಅಂಗೈಯಲ್ಲಿ ಹಿಡಿದು ಮತ್ತೆ ಗೂಡಿಗೆ ಬಿಡಿ. ನನ್ನ ಹಕ್ಕಿಗಳೆಲ್ಲ ಹಾಗೇ ಪಳಗಿದ್ದು.

ಕೊಪ್ಪಳ ಪೀಚ್‌ಫೇಸ್ | ಸೆಪ್ಟೆಂಬರ್ 21, ರಾತ್ರಿ 9:30

ಆಯ್ತು ಸರ್, ಒಪ್ಪಿದೆ. ನನ್ನ ಎರಡು ಹೆಣ್ಣು ನೆಲದಲ್ಲೇ ಮೊಟ್ಟೆ ಇಡುತ್ತವೆ, ಎರಡೂ ನಾನು ಕೈಯಲ್ಲಿ ಬೆಳೆಸಿದವು. ಅವು ಕಾಕಟೀಲ್ ಅಲ್ಲ, ಆದರೂ ಓದುವಾಗ ಅವೇ ನೆನಪಾದವು.

ಮಾನ್ವಿ ಹೊಲ | ಸೆಪ್ಟೆಂಬರ್ 23, ಬೆಳಿಗ್ಗೆ 10:20

ನಮ್ಮ ಹೊಲದ ಬೇವಿನ ಮರದ ಪೊಟರೆಯಿಂದ ಹಸಿರು ಗಿಣಿಮರಿ ಬಿದ್ದಿದೆ. ಗರಿ ಇನ್ನೂ ಪೂರ್ತಿ ಬಂದಿಲ್ಲ. ಇದಕ್ಕೂ ಅದೇ ಪುಡಿ ಕೊಡಬಹುದಾ?

ರಾಯಚೂರು ಬೂದುಜುಟ್ಟು | ಸೆಪ್ಟೆಂಬರ್ 23, ಬೆಳಿಗ್ಗೆ 10:35

ಮನೆಗೆ ತರಬೇಡಿ. ನಮ್ಮ ಕಾಡಿನ ಗಿಣಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗಾಯ ಇಲ್ಲದಿದ್ದರೆ ಏಣಿ ಹಾಕಿ ಅದೇ ಪೊಟರೆಗೆ ಬಿಡಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಗಾಯ ಇದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ವಿಷಯ ಬಂದದ್ದಕ್ಕೆ ಉಳಿದವರಿಗೂ ಹೇಳಿಬಿಡುತ್ತೇನೆ. ಹೊರದೇಶದ ಗಿಣಿಗಳಲ್ಲಿ ಬಡ್ಗಿ, ಕಾಕಟೀಲ್, ಪೀಚ್‌ಫೇಸ್ ಲವ್ ಬರ್ಡ್ ಈ ಮೂರು ಸೈಟ್ಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿ ಇಲ್ಲ. ಫಿಶರ್ ಲವ್ ಬರ್ಡ್, ಸನ್ ಕನ್ಯೂರ್ ಅಂಥವು ಪಟ್ಟಿಯಲ್ಲಿವೆ. ಅವನ್ನು ಸಾಕುವವರು 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು.

ಮಾನ್ವಿ ಹೊಲ | ಸೆಪ್ಟೆಂಬರ್ 23, ಮಧ್ಯಾಹ್ನ 12:50

ಏಣಿ ಹಾಕಿ ಬಿಟ್ಟೆವು ಸರ್. ದೂರ ನಿಂತು ನೋಡಿದೆವು, ಮುಕ್ಕಾಲು ಗಂಟೆಯಲ್ಲಿ ತಾಯಿ ಒಳಗೆ ಹೋಯಿತು.

ಕೌಲ್‌ಬಜಾರ್ ಹಕ್ಕಿಮನೆ | ಸೆಪ್ಟೆಂಬರ್ 27, ರಾತ್ರಿ 9:15

ಒಂದು ವಾರದ ಲೆಕ್ಕ ಹೇಳುತ್ತೇನೆ. ಚಿಕ್ಕದರ ತೂಕ ಇವತ್ತು 49. ಥರ್ಮಾಮೀಟರ್ ತಂದೆ. 40 ಡಿಗ್ರಿಗೆ ಬಂದಾಗಲೇ ಸಿರಿಂಜ್ ತುಂಬುತ್ತೇನೆ, ಎರಡು ನಿಮಿಷದಲ್ಲೇ ತಣ್ಣಗಾಗುತ್ತದೆ, ಹಾಗಾಗಿ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟುಕೊಳ್ಳುತ್ತೇನೆ. ಈಗ ನನ್ನ ಬೆರಳು ಕಂಡರೆ ಸಾಕು, ತಲೆ ಕುಣಿಸಲು ಶುರು.

ಬಾಕ್ಸ್ ಸ್ಟ್ಯಾಂಡ್ ಮೇಲಿದೆ. ಸ್ಟ್ಯಾಂಡಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟಿದ್ದೇನೆ, ಇರುವೆ ಬರುವುದಿಲ್ಲ. ಮನೆಯವರು ತಾವೇ ಮಷೀನಿನ ಕಾಲಿನ ಕೆಳಗೆ ರಬ್ಬರ್ ಹಾಕಿದರು, ಎರಡು ಮಷೀನನ್ನು ಆ ಕಡೆ ಗೋಡೆಗೆ ಸರಿಸಿದರು. ಬಾಕ್ಸಿನೊಳಗೆ ಹಾಸಿದ ಹೊಟ್ಟು ತೀರಾ ತೆಳುವಾಗಿತ್ತು. ಬಡಗಿಯ ಹತ್ತಿರ ಸುರುಳಿ ಸುರುಳಿಯಾದ ಮರದ ಹೊಟ್ಟು ತಂದು ಎರಡು ಇಂಚು ಹಾಕಿದೆ.

ದೊಡ್ಡವುಗಳ ಬೆನ್ನಲ್ಲಿ ಹೊಸ ಗರಿ ಮೂಡುತ್ತಿದೆ. ಗಂಡು ಪಕ್ಕದ ಪಂಜರದಲ್ಲಿ ಮೊದಲ ಎರಡು ದಿನ ತುಂಬಾ ಕೂಗಿತು. ನನಗೆ ಅದನ್ನು ಕೇಳಲು ಆಗುತ್ತಿರಲಿಲ್ಲ. ಈಗ ಸುಮ್ಮನಿದೆ.

ರಾಯಚೂರು ಬೂದುಜುಟ್ಟು | ಸೆಪ್ಟೆಂಬರ್ 28, ಬೆಳಿಗ್ಗೆ 7:10

ಬಹಳ ಸಂತೋಷ. ಇನ್ನೊಂದು ವಾರದಲ್ಲಿ ದೊಡ್ಡವು ಹೊರಗೆ ಬರುತ್ತವೆ. ಬಂದ ಕೂಡಲೇ ಕಾಳು ತಿನ್ನಲು ಬರುವುದಿಲ್ಲ, ಎಂಟು ವಾರ ಆಗುವ ತನಕ ಗುಟುಕು ಬೇಕು. ನೆಲದ ಮೇಲೆ ನವಣೆ ತೆನೆ, ಮೊಳಕೆ ಹೆಸರುಕಾಳು ಹರಡಿ. ಕೊನೆಯದು ಹೊರಗೆ ಬಂದ ದಿನವೇ ಬಾಕ್ಸ್ ತೆಗೆಯಿರಿ.

ದೀಪಾವಳಿಗೆ ಹುಷಾರು. ಕಾಕಟೀಲ್‌ಗೆ ರಾತ್ರಿ ಬೆಚ್ಚಿಬೀಳುವ ಸ್ವಭಾವ ಇದೆ, ಪಟಾಕಿ ಸದ್ದಿಗೆ ಕತ್ತಲಲ್ಲಿ ಹಾರಿ ತಂತಿಗೆ ಬಡಿದುಕೊಳ್ಳುತ್ತವೆ. ಒಳಕೋಣೆಗೆ ಒಯ್ದು ಸಣ್ಣ ದೀಪ ಹಾಕಿಡಿ.

ಕೌಲ್‌ಬಜಾರ್ ಹಕ್ಕಿಮನೆ | ಅಕ್ಟೋಬರ್ 30, ಸಂಜೆ 6:30

ಬೀದಿಯಲ್ಲಿ ಆಗಲೇ ಪಟಾಕಿ ಶುರುವಾಗಿದೆ. ಎರಡೂ ಪಂಜರ ಒಳಕೋಣೆಯಲ್ಲಿವೆ, ಸಣ್ಣ ದೀಪ ಉರಿಯುತ್ತಿದೆ. ಬಾಕ್ಸ್ ತೆಗೆದು ತೊಳೆದು ಬಿಸಿಲಿಗೆ ಒಣಗಿಸಿ ಅಟ್ಟಕ್ಕೆ ಹಾಕಿದ್ದೇನೆ. ಮುಂದಿನ ಆಗಸ್ಟ್ ತನಕ ಕೆಳಗೆ ಇಳಿಸುವುದಿಲ್ಲ. ಚಿಕ್ಕದು 76 ಗ್ರಾಂ. ಅಣ್ಣಂದಿರಿಗಿಂತ ಸ್ವಲ್ಪ ಸಣ್ಣ, ಆದರೆ ನವಣೆ ತೆನೆಗೆ ಮೊದಲು ಹೋಗುವುದು ಅದೇ.

ಹೋದ ವಾರ ಕಂಡದ್ದನ್ನು ಹೇಳಲೇಬೇಕು. ಚಿಕ್ಕದು ತಂತಿಗೆ ಅಂಟಿಕೊಂಡು ಕೂತು ಬೇಡುತ್ತಿತ್ತು. ಆ ಕಡೆಯಿಂದ ಅಪ್ಪ ಬಂತು. ನನಗೆ ಎದೆ ಧಸಕ್ ಅಂತು, ಮತ್ತೆ ಗರಿಗೆ ಬಾಯಿ ಹಾಕುತ್ತದೆ ಅಂತ ಓಡಿದೆ. ಅದು ತಂತಿಯ ಸಂದಿಯಲ್ಲಿ ಕೊಕ್ಕು ತೂರಿಸಿ, ಕತ್ತು ಓರೆ ಮಾಡಿ, ಗುಟುಕು ಕೊಡುತ್ತಿತ್ತು. ಈಗ ದಿನಾ ಸಂಜೆ ಐದಕ್ಕೆ ಎರಡೂ ಅದೇ ಜಾಗಕ್ಕೆ ಬಂದು ಕೂರುತ್ತವೆ. ಮನೆಯವರು ಮಷೀನು ನಿಲ್ಲಿಸಿ ಕೆಳಗೆ ಇಳಿದು ಬಂದು ನೋಡುತ್ತಾರೆ.